ಹಳೆಯ ಗಾಲ್ಫ್ ಜಿಟಿಐ ಮಾರ್ಕ್ 2 ಅನ್ನು ಟ್ರ್ಯಾಕಿಗೆ ಸಜ್ಜು ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿ, ಬ್ರಿಟನ್ ಕಡೆ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡಿಗರಲ್ಲಿ ಕೆಲವರಿಗೆ ಅಲ್ಲಿನ ಹಳೆಯ ಹಾಟ್ ಹ್ಯಾಚ್‌ಗಳ, ಅಂದರೆ ವೇಗದ ಚಿಕ್ಕ ಕಾರುಗಳ ಮೇಲೆ ಕಣ್ಣು ಬೀಳುತ್ತದೆ. ಅವರಿಂದ ಹೆಚ್ಚು ಬರುವ ಪ್ರಶ್ನೆಗಳು ಫೋಕ್ಸ್‌ವ್ಯಾಗನ್ ಕಂಪನಿಯ ಎರಡನೇ ತಲೆಮಾರಿನ (ಮಾರ್ಕ್ 2) ಗಾಲ್ಫ್ ಜಿಟಿಐ ಬಗ್ಗೆ, ಅದನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಬಗ್ಗೆ. ಇಲ್ಲಿರುವ ಅಳತೆಗಳು 1781 ಸಿಸಿಯ 8 ವಾಲ್ವ್ ಗಾಡಿಗೆ ಸೇರಿದವು. 16 ವಾಲ್ವ್‌ಗೆ ಬೇರೆ ಮಾತಿದ್ದಲ್ಲಿ ಹೇಳಿದ್ದೇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇವೆ.

## ಕೊಳ್ಳುವ ಮುನ್ನ

ಇಷ್ಟೊಂದು ಹೊಸ ಗಾಡಿಗಳಿರುವಾಗ ಟ್ರ್ಯಾಕಿಗೆ ಈ ಹಳೇ ಗಾಲ್ಫ್ ಯಾಕೆ?

ತೂಕ ಕಡಿಮೆ. ಮೂರು ಬಾಗಿಲಿನ 8 ವಾಲ್ವ್ ಗಾಡಿ ಒಂದು ಟನ್ನಿಗಿಂತ ಹಗುರ. 112 ಅಶ್ವಶಕ್ತಿ ಇಂದಿನ ಲೆಕ್ಕದಲ್ಲಿ ದೊಡ್ಡದಲ್ಲ, ಆದರೆ ತೂಕ ಇಲ್ಲದ ಕಾರಣ ಟೈರ್, ಬ್ರೇಕ್ ಪ್ಯಾಡ್ ಎಲ್ಲವೂ ಹೆಚ್ಚು ದಿನ ಬರುತ್ತವೆ. ಎಂಜಿನ್ ಕೋಣೆಯಲ್ಲಿ ಕೈ ಆಡಿಸಲು ಜಾಗವಿದೆ. ಬಿಡಿಭಾಗಗಳು ಇನ್ನೂ ಸಿಗುತ್ತವೆ, ಮುಂದಿನ ತಲೆಮಾರಿನ ಗಾಲ್ಫ್‌ಗಳ ಎಷ್ಟೋ ಭಾಗಗಳು ಇದಕ್ಕೆ ನೇರವಾಗಿ ಕೂರುತ್ತವೆ. ತಪ್ಪು ಮಾಡಿದರೆ ಗಾಡಿ ತಕ್ಷಣ ತಿಳಿಸುತ್ತದೆ. ಟ್ರ್ಯಾಕ್ ಓಡಿಸುವುದನ್ನು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ.

8 ವಾಲ್ವ್ ತಗೊಳ್ಳಲಾ, 16 ವಾಲ್ವ್ ತಗೊಳ್ಳಲಾ?

ಮೊದಲ ಗಾಡಿಯಾದರೆ 8 ವಾಲ್ವ್. ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಸಿಗುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಸರಳ, ವಾಲ್ವ್ ತೆರೆಯುವ ಶಾಫ್ಟ್ (ಕ್ಯಾಮ್) ಮೂಲದ್ದೇ ಇದ್ದರೆ ಅದನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ತುಂಡಾದರೂ ಸಾಮಾನ್ಯವಾಗಿ ವಾಲ್ವ್ ಬಗ್ಗುವುದಿಲ್ಲ. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ 16 ವಾಲ್ವ್ 139 ಅಶ್ವಶಕ್ತಿ ಕೊಡುತ್ತದೆ, ನೇರ ರಸ್ತೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಬೆಲ್ಟ್ ಹೋದರೆ ಹೆಡ್ ಕೂಡ ಹೋಯಿತು, ಬಿಡಿಭಾಗಗಳ ಬೆಲೆಯೂ ಜಾಸ್ತಿ.

8 ವಾಲ್ವ್‌ನಲ್ಲಿ ಇನ್ನೊಂದು ಆಯ್ಕೆ ಇದೆ. ಮೊದಲ ವರ್ಷಗಳ ಗಾಡಿಗಳಲ್ಲಿ ಬಾಶ್ ಕಂಪನಿಯ ಕೆ-ಜೆಟ್ರಾನಿಕ್ ಯಾಂತ್ರಿಕ ಇಂಜೆಕ್ಷನ್ ಇದೆ. 1987ರ ಸುಮಾರಿಗೆ ಡಿಜಿಫ್ಯಾಂಟ್ ಎಂಬ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂತು. ಕೆ-ಜೆಟ್ರಾನಿಕ್‌ಗೆ ಒಂದು ಪ್ರೆಷರ್ ಗೇಜ್ ಮತ್ತು ತಾಳ್ಮೆ ಇದ್ದರೆ ಎಲ್ಲ ದೋಷವನ್ನೂ ಮನೆಯಲ್ಲೇ ಹಿಡಿಯಬಹುದು. ಡಿಜಿಫ್ಯಾಂಟ್‌ನಲ್ಲಿ ದೋಷ ಬಹುತೇಕ ವೈರಿಂಗ್, ಅರ್ತ್ ಮತ್ತು ನೀಲಿ ಬಣ್ಣದ ಕೂಲಂಟ್ ಸೆನ್ಸರ್‌ನಲ್ಲಿರುತ್ತದೆ.

ಗಾಡಿ ನೋಡೋಕೆ ಹೋದಾಗ ತುಕ್ಕು ಎಲ್ಲೆಲ್ಲಿ ಹುಡುಕಬೇಕು?

ಎಂಜಿನ್ ಕೆಟ್ಟಿದ್ದರೆ ಬದಲಾಯಿಸಬಹುದು, ಬಾಡಿ ಕೊಳೆತಿದ್ದರೆ ಬಿಟ್ಟುಬಿಡಿ. ಒಂದು ಟಾರ್ಚ್ ಮತ್ತು ಮೊಂಡಾದ ಸ್ಕ್ರೂಡ್ರೈವರ್ ಹಿಡಿದು, ಗಾಡಿಯ ಕೆಳಗೆ ಮಲಗಿ ನೋಡಬೇಕು.

ಮೊದಲು ಬಲ ಹಿಂಬದಿ ಚಕ್ರದ ಒಳಭಾಗ. ಪೆಟ್ರೋಲ್ ತುಂಬುವ ಪೈಪ್ ಅಲ್ಲೇ ಹಾಯುತ್ತದೆ, ಅದರ ಹಿಂದೆ ಮಣ್ಣು ಕೂತು ಪೈಪೂ ಕೊಳೆಯುತ್ತದೆ, ಸುತ್ತಲಿನ ತಗಡೂ ಕೊಳೆಯುತ್ತದೆ. ಆ ಪೈಪಿನ ತುಕ್ಕಿನ ಪುಡಿ ಟ್ಯಾಂಕಿಗೆ ಬಿದ್ದು ಪಂಪನ್ನೂ ಕೆಡಿಸುತ್ತದೆ. ಆಮೇಲೆ ಬಾಗಿಲ ಕೆಳಗಿನ ಸಿಲ್‌ಗಳು, ಜ್ಯಾಕ್ ಹಾಕುವ ಜಾಗ, ಹಿಂಬದಿ ಆಕ್ಸಲ್ ಬಾಡಿಗೆ ಸೇರುವ ಜಾಗ, ಮುಂದಿನ ಸಸ್ಪೆನ್ಷನ್ ಗೋಪುರಗಳ ತಲೆ, ಮುಂದಿನ ಗಾಜಿನ ಕೆಳ ಅಂಚು. ವೈಪರ್ ಕೆಳಗಿನ ನೀರಿನ ತೊಟ್ಟಿಯಲ್ಲಿ ಎಲೆ ತುಂಬಿದ್ದರೆ ನೀರು ಕಾಲಿನ ಹತ್ತಿರದ ಕಾರ್ಪೆಟ್ಟಿಗೆ ಇಳಿದಿರುತ್ತದೆ. ಕಾರ್ಪೆಟ್ ಒತ್ತಿ ನೋಡಿ. ಒದ್ದೆ ಇದ್ದು ಸಿಹಿ ವಾಸನೆ ಬಂದರೆ ಅದು ಮಳೆನೀರಲ್ಲ, ಹೀಟರ್ ಒಡೆದು ಕೂಲಂಟ್ ಸೋರುತ್ತಿದೆ.

ಹೊಸದಾಗಿ ಕಪ್ಪು ಅಂಡರ್‌ಕೋಟ್ ಬಳಿದಿರುವ ಗಾಡಿಯನ್ನು ಇನ್ನೂ ಹೆಚ್ಚು ಅನುಮಾನದಿಂದ ನೋಡಿ. ಅದರ ಕೆಳಗೆ ಏನಿದೆ ಎಂಬುದಕ್ಕೆ ಫೋಟೋ ಕೇಳಿ. ಇಲ್ಲ ಎಂದರೆ ಬೆಲೆ ಕಡಿಮೆ ಕೇಳುವ ಬದಲು ಬೇರೆ ಗಾಡಿ ನೋಡುವುದು ಮೇಲು.

ಬಜೆಟ್ ಕಮ್ಮಿ ಇದೆ. ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

ನಿಲ್ಲಿಸುವುದು, ತಣ್ಣಗಿಡುವುದು, ತಿರುಗಿಸುವುದು, ಆಮೇಲೆ ಶಕ್ತಿ. ಅಂದರೆ ಬ್ರೇಕ್ ಮತ್ತು ಟೈರ್ ಮೊದಲು. ನಂತರ ಕೂಲಿಂಗ್, ಎಂಜಿನ್ ಆಯಿಲ್ ಮತ್ತು ಪೆಟ್ರೋಲ್ ಹೋಸ್‌ಗಳು. ಆಮೇಲೆ ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್, ಶಾಕ್ ಅಬ್ಸಾರ್ಬರ್. ಎಕ್ಸಾಸ್ಟ್, ಕ್ಯಾಮ್ ಇವೆಲ್ಲ ಕೊನೆಗೆ. ಮೂವತ್ತು ದಾಟಿದ ಗಾಡಿಯಲ್ಲಿ ಟ್ರ್ಯಾಕ್ ದಿನವನ್ನು ಹಾಳು ಮಾಡುವುದು ಶಕ್ತಿಯ ಕೊರತೆಯಲ್ಲ, ಮುದಿ ರಬ್ಬರ್. ಎಲ್ಲ ಹೋಸ್, ಎಲ್ಲ ಬುಷ್, ಎಲ್ಲ ಸೀಲ್‌ಗಳ ಪಟ್ಟಿ ಮಾಡಿ ಅದಕ್ಕೆ ಹಣ ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಆಸೆ ತೀರಿಸಿಕೊಳ್ಳಿ.

ಊರಿಗೆ ವಾಪಸ್ ಬರುವಾಗ ಇದನ್ನ ಬೆಂಗಳೂರಿಗೆ ತರಬಹುದಾ?

ಓಡಿಸುವ ಉದ್ದೇಶಕ್ಕೆ ಸಾಧ್ಯವಿಲ್ಲವೆಂದೇ ಇಟ್ಟುಕೊಳ್ಳಿ. ಭಾರತಕ್ಕೆ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ಹಳೆಯ ಕಾರುಗಳಿಗಿರುವ ವಿನಾಯಿತಿಗೆ ಮಾರ್ಕ್ 2ರ ವಯಸ್ಸು ಸಾಲದು.

## ನಿಂತ ಗಾಡಿಯನ್ನು ಎಬ್ಬಿಸುವುದು

ಏಳೆಂಟು ವರ್ಷ ಶೆಡ್‌ನಲ್ಲಿ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದ್ರೆ ಏನಾಗುತ್ತೆ?

ಹಳೆಯ ಪೆಟ್ರೋಲ್ ಅಂಟಾಗಿರುತ್ತದೆ. ಕೆ-ಜೆಟ್ರಾನಿಕ್‌ನಲ್ಲಿ ಸಿಲಿಂಡರುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯಲ್ ಡಿಸ್ಟ್ರಿಬ್ಯೂಟರ್ ಒಳಗೆ ತೀರಾ ಬಿಗಿಯಾದ ಅಳತೆಯಲ್ಲಿ ಓಡುವ ಒಂದು ಪ್ಲಂಜರ್ ಇದೆ. ಅಂಟು ಅಲ್ಲಿಗೆ ಹೋದರೆ ಅದು ಸಿಕ್ಕಿಕೊಳ್ಳುತ್ತದೆ, ಮತ್ತೆ ಬಿಡಿಸುವುದು ದುಬಾರಿ ಕೆಲಸ. ಆದ್ದರಿಂದ ಪೆಟ್ರೋಲ್ ಪಂಪಿನ ರಿಲೇ ಕಿತ್ತಿಟ್ಟು ಆಮೇಲೆ ಬ್ಯಾಟರಿ ಮುಟ್ಟಿ.

ಪ್ಲಗ್ ನಾಲ್ಕೂ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ತಿರುಗಿದರೆ ಹಳೆ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ ಸುಮಾರು ನಾಲ್ಕು ಲೀಟರ್ ಹೊಸದು ತುಂಬಿ. ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ತಿರುಗಿಸಿ. ಆಯಿಲ್ ದೀಪ ಆರುವವರೆಗೆ, ಆದರೆ ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರದಂತೆ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಳಗೆ ತುಕ್ಕು ನೋಡಿ, ಫ್ಯೂಯಲ್ ಫಿಲ್ಟರ್ ಬದಲಿಸಿ. ರಬ್ಬರ್ ಹೋಸ್‌ಗಳನ್ನೆಲ್ಲ ತೆಗೆದು ಎಥನಾಲ್ ತಡೆಯುವ ಇಂಜೆಕ್ಷನ್ ದರ್ಜೆಯ ಹೋಸ್ ಹಾಕಿ. ಮೇಲೆ ಎಸ್‌ಎಇ ಜೆ30 ಆರ್9 ಎಂದು ಮುದ್ರಿಸಿರುತ್ತದೆ. ಇಲ್ಲಿನ ಒತ್ತಡ 5 ಬಾರ್ ದಾಟುತ್ತದೆ, ಕಾರ್ಬ್ಯುರೇಟರ್ ಗಾಡಿಯ ಹೋಸ್ ಹಾಕಿದರೆ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಬ್ಯಾಂಜೋ ಬೋಲ್ಟ್ (ಒಳಗಿಂದ ಪೆಟ್ರೋಲ್ ಹಾಯುವ ಟೊಳ್ಳು ಬೋಲ್ಟ್) ಬಿಚ್ಚಿದ ಪ್ರತಿ ಸಲವೂ ಎರಡೂ ಬದಿಯ ತಾಮ್ರದ ವಾಷರ್ ಹೊಸದಿರಬೇಕು. ಇಷ್ಟಾದ ಮೇಲೆ ಪಂಪಿನಿಂದ ಬಂದ ಮೊದಲ ಅರ್ಧ ಲೀಟರನ್ನು ಬಾಟಲಿಗೆ ಬಿಟ್ಟು ಬಣ್ಣ ನೋಡಿ, ನಂತರ ಫ್ಯೂಯಲ್ ಡಿಸ್ಟ್ರಿಬ್ಯೂಟರಿಗೆ ಜೋಡಿಸಿ.

ಟೈಮಿಂಗ್ ಬೆಲ್ಟ್ ನಾನೇ ಹಾಕಬಹುದಾ? ಎಲ್ಲಿ ತಪ್ಪಾಗುತ್ತೆ?

ಹಾಕಬಹುದು, ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ತಪ್ಪಾಗುವುದು ನಡುವಿನ ಶಾಫ್ಟಿನಲ್ಲಿ. ಈ ಎಂಜಿನ್ನಿನಲ್ಲಿ ಬೆಲ್ಟ್ ಕ್ಯಾಮ್ ಒಂದನ್ನೇ ತಿರುಗಿಸುವುದಿಲ್ಲ, ಇಂಟರ್‌ಮೀಡಿಯೆಟ್ ಶಾಫ್ಟನ್ನೂ ತಿರುಗಿಸುತ್ತದೆ. ಕಿಡಿ ಹಂಚುವ ಇಗ್ನಿಷನ್ ಡಿಸ್ಟ್ರಿಬ್ಯೂಟರ್ ಮತ್ತು ಆಯಿಲ್ ಪಂಪ್ ಓಡುವುದು ಅದರಿಂದ. ಕ್ಯಾಮ್, ಕ್ರ್ಯಾಂಕ್ ಗುರುತು ಎರಡೂ ಸರಿ ಕೂತು ಈ ಶಾಫ್ಟ್ ಮಾತ್ರ ಒಂದೆರಡು ಹಲ್ಲು ಆಚೀಚೆ ಆದರೆ ಎಂಜಿನ್ ಕೆಡುವುದಿಲ್ಲ, ಆದರೆ ಇಗ್ನಿಷನ್ ಟೈಮಿಂಗ್ ಹೊಂದುವುದೇ ಇಲ್ಲ. ಬೆಲ್ಟ್ ತೆಗೆಯುವ ಮೊದಲು ಆ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಎತ್ತ ನೋಡುತ್ತಿದೆ ಎಂದು ಗುರುತು ಹಾಕಿಕೊಳ್ಳಿ.

ಬಿಗಿ ನೋಡುವ ಹಳೆಯ ವಿಧಾನ ಇಂದಿಗೂ ಸರಿ: ಕ್ಯಾಮ್ ಮತ್ತು ನಡುವಿನ ಶಾಫ್ಟಿನ ಮಧ್ಯೆ ಬೆಲ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದರೆ ಸರಿಯಾಗಿ 90 ಡಿಗ್ರಿ ತಿರುಗಬೇಕು. ಅದಕ್ಕಿಂತ ಬಿಗಿಯಾದರೆ ಬೇರಿಂಗ್ ಕೂಗುತ್ತದೆ. ಟೆನ್ಷನರ್ ಮತ್ತು ವಾಟರ್ ಪಂಪ್ ಜೊತೆಗೇ ಬದಲಿಸಿ.

ಹೆಡ್ ಬೋಲ್ಟ್ ಹಳೇದೇ ಹಾಕಬಹುದಾ?

ಬೇಡ. ಇವು ಒಮ್ಮೆ ಬಿಗಿದಾಗ ಹಿಗ್ಗುವ ಬೋಲ್ಟುಗಳು. ಹೊಸದನ್ನು ನಡುವಿನಿಂದ ಹೊರಕ್ಕೆ ಸುರುಳಿಯ ಕ್ರಮದಲ್ಲಿ ಮೊದಲು 40, ನಂತರ 60 ನ್ಯೂಟನ್ ಮೀಟರ್, ಕೊನೆಗೆ ಅರ್ಧ ಸುತ್ತು ಬಿಗಿಯಿರಿ. ಅರ್ಧ ಸುತ್ತನ್ನು ಎರಡು ಕಾಲು ಸುತ್ತಾಗಿಯೂ ಮಾಡಬಹುದು. ಬ್ಲಾಕಿನ ಬೋಲ್ಟ್ ರಂಧ್ರಗಳಲ್ಲಿ ನೀರು ಅಥವಾ ಆಯಿಲ್ ಉಳಿದಿದ್ದರೆ ಒತ್ತಡಕ್ಕೆ ಬ್ಲಾಕ್ ಸೀಳುತ್ತದೆ, ಗಾಳಿ ಊದಿ ಒಣಗಿಸಿ.

## ತೊಂದರೆ ಪತ್ತೆ

ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ ಸರ್, ಬಿಸಿ ಆದ್ಮೇಲೆ ಇಪ್ಪತ್ತು ನಿಮಿಷ ನಿಲ್ಲಿಸಿದ್ರೆ ಸ್ಟಾರ್ಟೇ ಆಗಲ್ಲ. ಏನಿರಬಹುದು?

ಕೆ-ಜೆಟ್ರಾನಿಕ್ ಗಾಡಿಗಳಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಇದು. ಎಂಜಿನ್ ನಿಲ್ಲಿಸಿದ ಮೇಲೂ ಲೈನಿನಲ್ಲಿ ಒತ್ತಡ ಉಳಿಯಬೇಕು. ಉಳಿಯದಿದ್ದರೆ ಎಂಜಿನ್ ಶಾಖಕ್ಕೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗುತ್ತದೆ, ಇಂಜೆಕ್ಟರಿಗೆ ಹೋಗುವುದು ಬರೀ ಗುಳ್ಳೆ.

ಫ್ಯೂಯಲ್ ಡಿಸ್ಟ್ರಿಬ್ಯೂಟರ್ ಮತ್ತು ಎಂಜಿನ್ ತಣ್ಣಗಿರುವಾಗ ಹೆಚ್ಚು ಪೆಟ್ರೋಲ್ ಕೊಡಿಸುವ ವಾರ್ಮ್-ಅಪ್ ರೆಗ್ಯುಲೇಟರ್ ನಡುವೆ ಕವಾಟವಿರುವ ಪ್ರೆಷರ್ ಗೇಜ್ ಹಾಕಿ. ಕವಾಟ ಮುಚ್ಚಿದಾಗ ತೋರುವ ಸಿಸ್ಟಮ್ ಒತ್ತಡ 4.7ರಿಂದ 5.4 ಬಾರ್ ಇರಬೇಕು. ತೆರೆದಾಗ, ಎಂಜಿನ್ ಬಿಸಿಯಿದ್ದರೆ, ಕಂಟ್ರೋಲ್ ಒತ್ತಡ 3.4ರಿಂದ 3.8. ಎಂಜಿನ್ ನಿಲ್ಲಿಸಿ ಹತ್ತು ನಿಮಿಷಕ್ಕೆ 2.6 ಬಾರ್, ಇಪ್ಪತ್ತು ನಿಮಿಷಕ್ಕೆ 2.4 ಬಾರ್‌ಗಿಂತ ಕೆಳಗಿಳಿಯಬಾರದು.

ಇಳಿದರೆ ಹುಡುಕುವ ದಾರಿ ಹೀಗೆ. ಹಿಂಬದಿ ಪಂಪಿನ ಪಕ್ಕದಲ್ಲಿ ಒತ್ತಡ ಕೂಡಿಡುವ ಅಕ್ಯುಮ್ಯುಲೇಟರಿನ ಹಿಂತುದಿಯ ಸಣ್ಣ ಪೈಪ್ ಬಿಚ್ಚಿ, ಪಂಪ್ ಓಡಿಸಿ. ಅಲ್ಲಿಂದ ಪೆಟ್ರೋಲ್ ತೊಟ್ಟಿಕ್ಕಿದರೆ ಒಳಗಿನ ಪರದೆ ಹರಿದಿದೆ, ಅಕ್ಯುಮ್ಯುಲೇಟರ್ ಬದಲಿಸಿ. ಅದು ಒಣಗಿದ್ದರೆ ಪಂಪಿನ ಬಾಯಲ್ಲಿರುವ ಚೆಕ್ ವಾಲ್ವ್ ನೋಡಿ. ಅದೊಂದನ್ನೇ ಬದಲಿಸಬಹುದು, ಪಂಪ್ ಕೊಳ್ಳುವುದು ಬೇಡ. ಅದೂ ಸರಿ ಇದ್ದರೆ ಟ್ಯಾಂಕಿಗೆ ಮರಳುವ ರಬ್ಬರ್ ಹೋಸನ್ನು ಕ್ಲ್ಯಾಂಪಿನಿಂದ ಅದುಮಿ. ಈಗ ಒತ್ತಡ ಇಳಿಯದೆ ನಿಂತರೆ ಫ್ಯೂಯಲ್ ಡಿಸ್ಟ್ರಿಬ್ಯೂಟರಿನೊಳಗಿನ ಪ್ರೆಷರ್ ವಾಲ್ವಿನ ಓ-ರಿಂಗ್ ಹೋಗಿದೆ. ಕೊನೆಗೆ ಇಂಜೆಕ್ಟರುಗಳನ್ನೂ ಕೋಲ್ಡ್ ಸ್ಟಾರ್ಟ್ ವಾಲ್ವನ್ನೂ ಹೊರತೆಗೆದು ತುದಿಯಲ್ಲಿ ಹನಿ ಕೂಡುತ್ತದೆಯೇ ನೋಡಿ.

ಲೈನಿನಲ್ಲಿ ಉಳಿದ ಒತ್ತಡಕ್ಕೆ ಪೆಟ್ರೋಲ್ ಕಣ್ಣಿಗೆ ಚಿಮ್ಮದಂತೆ ಕನ್ನಡಕ ಹಾಕಿ, ಬೋಲ್ಟಿಗೆ ಬಟ್ಟೆ ಸುತ್ತಿಯೇ ಸಡಿಲಿಸಿ. ಎಂಜಿನ್ ತಣ್ಣಗಿರಲಿ, ಪಕ್ಕದಲ್ಲಿ ಅಗ್ನಿಶಾಮಕ ಇರಲಿ.

ಐಡಲ್ ಏರಿಳಿತ. ಸಿಒ ಎಷ್ಟು ಸರಿ ಮಾಡಿದರೂ ನಿಲ್ಲಲ್ಲ.

ಸಿಒ ಅಂದರೆ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್, ಅದನ್ನು ನೋಡಿ ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುತ್ತಾರೆ. ಇಲ್ಲಿ ಅಳತೆಗೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ. ಸುಲಭದ ಪರೀಕ್ಷೆ: ಐಡಲಿನಲ್ಲಿ ಆಯಿಲ್ ಡಿಪ್‌ಸ್ಟಿಕ್ ಎಳೆಯಿರಿ. ಎಂಜಿನ್ ತಡವರಿಸಬೇಕು. ಏನೂ ಬದಲಾಗದಿದ್ದರೆ ಆಗಲೇ ಬೇರೆಲ್ಲೋ ಸೋರಿಕೆ ಇದೆ ಎಂದರ್ಥ. ಮೊದಲ ಅನುಮಾನ ಇಂಜೆಕ್ಟರುಗಳ ರಬ್ಬರ್ ಸೀಲ್ ಮತ್ತು ಅವು ಕೂರುವ ಪ್ಲಾಸ್ಟಿಕ್ ತೊಟ್ಟಿಲು. ಹಳೆಯ ಸೀಲ್ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿರುತ್ತದೆ. ಎರಡನೆಯದು ಏರ್ ಮೀಟರಿನಿಂದ ಥ್ರಾಟಲ್‌ಗೆ ಹೋಗುವ ದೊಡ್ಡ ರಬ್ಬರ್ ಬೂಟು, ಅದರ ಮಡಿಕೆಗಳ ಅಡಿಯಲ್ಲಿ ಬಿರುಕು ಕಾಣುವುದೇ ಇಲ್ಲ, ಬಿಚ್ಚಿ ಬಗ್ಗಿಸಿ ನೋಡಬೇಕು.

ಸೋರಿಕೆ ಮುಚ್ಚದೆ ಈ ಮಿಶ್ರಣ ಹೊಂದಿಸುವ ಮಿಕ್ಸ್‌ಚರ್ ಸ್ಕ್ರೂ ಮುಟ್ಟಬೇಡಿ. ಅದಕ್ಕೆ 3 ಮಿಲಿಮೀಟರಿನ ಉದ್ದ ಆಲೆನ್ ಕೀ ಬೇಕು. ಒಂದು ಸಲಕ್ಕೆ ಗಡಿಯಾರದ ಕೆಲವು ನಿಮಿಷದಷ್ಟೇ ತಿರುಗಿಸಿ, ಕೀ ಹೊರತೆಗೆದು, ನಂತರವೇ ಆಕ್ಸಿಲರೇಟರ್ ಕೊಡಿ. ಕೀ ಒಳಗಿರುವಾಗ ಆರ್‌ಪಿಎಂ ಏರಿಸಿದರೆ ಅಳತೆಯ ಸಲಾಕೆ ಬಗ್ಗುತ್ತದೆ.

ಟ್ಯಾಂಕ್ ಅರ್ಧಕ್ಕಿಂತ ಕಮ್ಮಿ ಇದ್ದಾಗ ಉದ್ದ ತಿರುವಿನಲ್ಲಿ ಎಂಜಿನ್ ಕೆಮ್ಮುತ್ತೆ. ಹಿಂದೆ ಪಂಪ್ ಕೂಗೋ ಸದ್ದು ಬೇರೆ.

ಟ್ಯಾಂಕಿನೊಳಗಿನ ಚಿಕ್ಕ ಪಂಪ್ ಸತ್ತಿದೆ. ಈ ಗಾಡಿಯಲ್ಲಿ ಎರಡು ಪಂಪ್: ಒಳಗಿನದು ಎತ್ತಿಕೊಡುತ್ತದೆ, ಹೊರಗಿನದು ಒತ್ತಡ ಕಟ್ಟುತ್ತದೆ. ಒಳಗಿನದು ನಿಂತರೂ ರಸ್ತೆಯಲ್ಲಿ ಗಾಡಿ ಓಡುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಟ್ರ್ಯಾಕಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದಾಗ ದೊಡ್ಡ ಪಂಪ್ ಗಾಳಿ ಹೀರುತ್ತದೆ, ಕೂಗುತ್ತದೆ, ಕೆಲವೇ ದಿನಗಳಲ್ಲಿ ಅದೂ ಸುಡುತ್ತದೆ. ಟ್ಯಾಂಕಿನ ಮೇಲಿನ ಕನೆಕ್ಟರಿನಲ್ಲಿ 12 ವೋಲ್ಟ್ ಬರುತ್ತಿದೆಯೇ ಮಲ್ಟಿಮೀಟರಿನಲ್ಲಿ ನೋಡಿ. ಬರುತ್ತಿದ್ದರೆ ಪಂಪ್ ಬದಲಿಸಿ, ಬರದಿದ್ದರೆ ವೈರ್ ಹುಡುಕಿ.

ಹತ್ತು ಹದಿನೈದು ನಿಮಿಷ ಜೋರಾಗಿ ಓಡಿಸಿದ ಮೇಲೆ ಎಂಜಿನ್ ಇದ್ದಕ್ಕಿದ್ದಂತೆ ಆಫ್. ತಣ್ಣಗಾದ ಮೇಲೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುತ್ತೆ.

ಮೂವರು ಆರೋಪಿಗಳು. ಇಗ್ನಿಷನ್ ಡಿಸ್ಟ್ರಿಬ್ಯೂಟರ್ ಒಳಗೆ ಕಿಡಿಯ ಸಮಯ ತಿಳಿಸುವ ಹಾಲ್ ಸೆನ್ಸರ್ ಬಿಸಿಯಾದಾಗ ಸಿಗ್ನಲ್ ಬಿಡುತ್ತದೆ. ವೈಪರ್ ತೊಟ್ಟಿಯ ಬಳಿಯ ಇಗ್ನಿಷನ್ ಮಾಡ್ಯೂಲ್ ತನ್ನ ಲೋಹದ ತಟ್ಟೆಗೆ ಬಿಸಿ ಬಿಡಬೇಕು, ನಡುವಿನ ಬಿಳಿ ಪೇಸ್ಟ್ ಒಣಗಿದರೆ ಬೇಯುತ್ತದೆ. ಫ್ಯೂಯಲ್ ಪಂಪ್ ರಿಲೇಯ ಬೆಸುಗೆ ಬಿರುಕು ಬಿಟ್ಟಿರುತ್ತದೆ.

ಆಫ್ ಆದ ಕ್ಷಣದಲ್ಲೇ ಪರೀಕ್ಷಿಸಬೇಕು, ತಣ್ಣಗಾದರೆ ಸಾಕ್ಷಿ ಉಳಿಯುವುದಿಲ್ಲ. ಕಿಡಿ ಬರುತ್ತಿದೆಯೇ ನೋಡಲು ಗಾಡಿಯಲ್ಲಿ ಒಂದು ಹೆಚ್ಚುವರಿ ಪ್ಲಗ್ ಇಟ್ಟುಕೊಳ್ಳಿ. ಸ್ಟಾರ್ಟರ್ ತಿರುಗಿಸುವಾಗ ಕಿಡಿ ಇದ್ದು ಪಂಪಿನ ಸದ್ದಿಲ್ಲದಿದ್ದರೆ ರಿಲೇ. ಕಿಡಿಯೂ ಇಲ್ಲ, ಸದ್ದೂ ಇಲ್ಲ ಎಂದರೆ ಹಾಲ್ ಸೆನ್ಸರ್ ಅಥವಾ ಮಾಡ್ಯೂಲ್, ಏಕೆಂದರೆ ಇಗ್ನಿಷನ್ ಸಿಗ್ನಲ್ ಇಲ್ಲದಿದ್ದರೆ ರಿಲೇ ಪಂಪನ್ನು ಓಡಿಸುವುದೇ ಇಲ್ಲ.

ಎಡಕ್ಕೋ ಬಲಕ್ಕೋ ಉದ್ದ ತಿರುವಿನಲ್ಲಿ ಆಯಿಲ್ ಬಜರ್ ಹೊಡೆಯುತ್ತೆ. ಸೆನ್ಸರ್ ಹಾಳಾಗಿದೆ ಅಂತ ಮೆಕ್ಯಾನಿಕ್ ಹೇಳ್ತಾರೆ.

ಸೆನ್ಸರ್ ಎಂದು ನಂಬಿ ಇನ್ನೊಂದು ಸುತ್ತು ಓಡಿಸಬೇಡಿ. ಮಾರ್ಕ್ 2ರಲ್ಲಿ ಆಯಿಲ್ ಒತ್ತಡ ನೋಡುವ ಎರಡು ಸ್ವಿಚ್ ಇವೆ. ಹೆಡ್ಡಿನಲ್ಲಿರುವುದು 0.3 ಬಾರ್‌ಗೆ, ಆಯಿಲ್ ಫಿಲ್ಟರ್ ಹಿಡಿಯ ಮೇಲಿರುವುದು 1.8 ಬಾರ್‌ಗೆ, ಅದು ಸುಮಾರು 2000 ಆರ್‌ಪಿಎಂ ದಾಟಿದ ಮೇಲೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ನೇರದಲ್ಲಿ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ಬಜರ್ ಹೊಡೆದರೆ ಎಂಜಿನ್ನಿನ ತಳದ ತೊಟ್ಟಿಯಾದ ಸಂಪಿನ ಆಯಿಲ್ ಪಕ್ಕದ ಗೋಡೆಗೆ ಏರಿ, ಅದನ್ನು ಹೀರುವ ಪಿಕಪ್ ಪೈಪ್ ಗಾಳಿ ಕುಡಿಯುತ್ತಿದೆ. ಕ್ರ್ಯಾಂಕಿನ ಮೇಲಿನ ಬಿಗ್ ಎಂಡ್ ಬೇರಿಂಗ್ ಕೆಡಲು ಅಷ್ಟು ಸಾಕು.

ಮೊದಲು ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನವರೆಗೆ ಆಯಿಲ್ ತುಂಬಿ, ಟ್ರ್ಯಾಕಿನಲ್ಲಿ ಅದರ ಕೆಳಗೆ ಇಳಿಯಬಿಡಬೇಡಿ. ಶಾಶ್ವತ ಪರಿಹಾರ ಸಂಪಿನೊಳಗೆ ತಡೆಗೋಡೆ: ಮುಂದಿನ ತಲೆಮಾರಿನ 2.0 ಲೀಟರ್ 8 ವಾಲ್ವ್ ಎಂಜಿನ್ನಿನ ವಿಂಡೇಜ್ ಟ್ರೇ ಗ್ಯಾಸ್ಕೆಟ್ ಸಮೇತ ಇದಕ್ಕೆ ಕೂರುತ್ತದೆ, ಅಥವಾ ಬಾಗಿಲಿರುವ ಬ್ಯಾಫಲ್ ಬೆಸುಗೆ ಹಾಕಿಸಿದ ಸಂಪ್. ಜೊತೆಗೆ 1.8 ಬಾರ್ ಸ್ವಿಚ್ಚಿನ ಜಾಗದಲ್ಲಿ ಯಾಂತ್ರಿಕ ಗೇಜ್ ಹಾಕಿ ಅಳೆಯಿರಿ, ಎಳೆ ಎಂ10×1. ಆಯಿಲ್ 80 ಡಿಗ್ರಿ ಇದ್ದಾಗ 2000 ಆರ್‌ಪಿಎಂನಲ್ಲಿ ಕನಿಷ್ಠ 2 ಬಾರ್ ಬರಬೇಕು. ಕಂಪ್ಯೂಟರ್ ಪರದೆ ಇರುವ ಗಾಡಿಗಳು ಆಯಿಲ್ ತಾಪವನ್ನು ತೋರಿಸುತ್ತವೆ. ಟ್ರ್ಯಾಕಿನಲ್ಲಿ 120ರವರೆಗೆ ಚಿಂತೆಯಿಲ್ಲ, 130 ದಾಟಿದರೆ ನಿಧಾನಿಸಿ. ಪದೇ ಪದೇ ದಾಟಿದರೆ ಥರ್ಮೋಸ್ಟಾಟ್ ಇರುವ ಆಯಿಲ್ ಕೂಲರ್ ಬೇಕು.

ಆಕ್ಸಿಲರೇಟರ್ ಬಿಟ್ಟು ಹಿಡಿದಾಗ ಗೇರ್‌ಬಾಕ್ಸಿನಲ್ಲಿ ಕಟಕಟ. ಓಡಿಸಬಹುದಾ?

ಓಡಿಸಬೇಡಿ, ಮೊದಲು ಗೇರ್ ಆಯಿಲ್ ಇಳಿಸಿ ಲೋಹದ ಚೂರು ಹುಡುಕಿ. ಈ ಗಾಡಿಯಲ್ಲಿರುವ 020 ಎಂಬ ಗೇರ್‌ಬಾಕ್ಸಿನ ಹೆಸರಾಂತ ದೌರ್ಬಲ್ಯ ಇದು: ಎರಡು ಚಕ್ರಗಳಿಗೆ ಎಳೆತ ಹಂಚುವ ಡಿಫರೆನ್ಷಿಯಲ್ಲಿನ ದೊಡ್ಡ ಹಲ್ಲಿನ ಚಕ್ರವನ್ನು ರಿವೆಟ್ ಹೊಡೆದು ಕೂರಿಸಿದ್ದಾರೆ. ಟೈರ್ ಗಿರಗಿರ ತಿರುಗಿ ಮತ್ತೆ ನೆಲ ಕಚ್ಚಿಕೊಂಡಾಗಿನ ಹೊಡೆತಕ್ಕೆ ಒಂದು ರಿವೆಟ್ಟಿನ ತಲೆ ಹಾರುತ್ತದೆ, ಆ ತುಂಡು ಕೇಸಿಂಗನ್ನು ತೂತು ಮಾಡಿ ಹೊರಬರುತ್ತದೆ. ಗೇರ್‌ಬಾಕ್ಸ್ ಹೋದಂತೆ, ಹಿಂದೆ ಬರುವವರ ಟೈರಿನಡಿ ಆಯಿಲ್ ಬೇರೆ.

ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಹೇಗೂ ಇಳಿಸುತ್ತೀರಿ. ಆಗಲೇ ರಿವೆಟ್ ಕೊರೆದು ತೆಗೆದು ಹೆಚ್ಚು ಬಲದ ಬೋಲ್ಟಿನ ಕಿಟ್ ಹಾಕಿಸಿ. ಎಂದಾದರೂ ಒಂದೇ ಚಕ್ರ ಗಿರಗಿರ ತಿರುಗುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕುವ ಯೋಚನೆ ಇದ್ದರೆ ಅದನ್ನೇ ಈಗ ಹಾಕಿ, ಒಂದೇ ಕೂಲಿಯಲ್ಲಿ ಮುಗಿಯುತ್ತದೆ. ಆಯಿಲ್ ಸುಮಾರು ಎರಡು ಲೀಟರ್, ಜಿಎಲ್-4 ದರ್ಜೆ. ಜಿಎಲ್-5ರ ರಾಸಾಯನಿಕಗಳು ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೋ ರಿಂಗಿನ ಹಿತ್ತಾಳೆಗೆ ಒಗ್ಗುವುದಿಲ್ಲ. ಈ ಗಾಡಿಯ ಕ್ಲಚ್ ಜೋಡಣೆ ತಲೆಕೆಳಗು ಎಂಬುದು ನೆನಪಿರಲಿ: ಪ್ರೆಷರ್ ಪ್ಲೇಟ್ ನೇರ ಕ್ರ್ಯಾಂಕಿಗೆ, ಫ್ಲೈವೀಲ್ ಅದರ ಮೇಲೆ.

ನಾಲ್ಕು ಸುತ್ತಿಗೆ ಬ್ರೇಕ್ ಪೆಡಲ್ ಸ್ಪಂಜಿನ ಹಾಗಾಗುತ್ತೆ. ದೊಡ್ಡ ಡಿಸ್ಕ್ ಹಾಕಲೇಬೇಕಾ?

ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಬ್ರೇಕ್ ಆಯಿಲ್ ಕುದಿದಿದೆ. ಪೆಡಲ್ ಗಟ್ಟಿಯೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಬೆಂದಿದೆ. ಎರಡಕ್ಕೂ ಮದ್ದು ಬೇರೆ.

ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹಳೆಯ ಗಾಡಿಯಲ್ಲಿ ಮೂರು ವರ್ಷದ ಆಯಿಲ್ ಇಟ್ಟುಕೊಂಡು ಡಿಸ್ಕನ್ನು ದೂರುವುದು ನ್ಯಾಯವಲ್ಲ. ರಬ್ಬರ್ ಬ್ರೇಕ್ ಹೋಸ್ ಹೊಸದು ಹಾಕಿ, ಪೂರ್ತಿ ಆಯಿಲ್ ಬದಲಿಸಿ, ಟ್ರ್ಯಾಕಿಗೆ ತಕ್ಕ ಪ್ಯಾಡ್ ಹಾಕಿ ಒಮ್ಮೆ ಪಳಗಿಸಿ. ಮೂಲದ 239 ಮಿ.ಮೀ. ಗಾಳಿಯಾಡುವ ಮುಂದಿನ ಡಿಸ್ಕ್ ಇಷ್ಟರಲ್ಲೇ ಕಲಿಯುವವರಿಗೆ ಸಾಕಾಗುತ್ತದೆ. ಆಮೇಲೂ ಸಾಲದಿದ್ದರೆ 256 ಮಿ.ಮೀ., ಅದು 14 ಇಂಚಿನ ಚಕ್ರದೊಳಗೆ ಹಿಡಿಯುತ್ತದೆ, 280 ಮಿ.ಮೀ.ಗೆ 15 ಇಂಚಿನ ಚಕ್ರ ಬೇಕು.

ಹಿಂದಿನ ಕ್ಯಾಲಿಪರ್‌ಗಳ ಹ್ಯಾಂಡ್‌ಬ್ರೇಕ್ ಸಲಾಕೆ ಹಿಡಿದುಕೊಳ್ಳುವುದು ಈ ಗಾಡಿಯ ಹಳೇ ಕಾಯಿಲೆ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಪ್ಯಾಡ್ ಹಾಕುವಾಗ ಹಿಂದಿನ ಪಿಸ್ಟನ್ನನ್ನು ಒತ್ತಬಾರದು, ತಿರುಗಿಸುತ್ತಾ ಒಳಗೆ ಕಳಿಸಬೇಕು. ಹಿಂಬದಿ ಆಕ್ಸಲ್ ಬಳಿ ಹೊರೆ ನೋಡಿ ಒತ್ತಡ ಹಂಚುವ ಒಂದು ವಾಲ್ವ್ ಇದೆ. ಗಾಡಿಯ ಎತ್ತರ ಬದಲಿಸಿದರೆ ಅದರ ಲೆಕ್ಕ ತಪ್ಪುತ್ತದೆ, ಮತ್ತೆ ಹೊಂದಿಸಲೇಬೇಕು. ಹಿಂದಿನ ಚಕ್ರಗಳು ಮುಂದಿನದಕ್ಕಿಂತ ಮೊದಲು ಲಾಕ್ ಆದರೆ ಗಾಡಿ ತಿರುಗಿ ನಿಲ್ಲುತ್ತದೆ.

## ಹದಗೊಳಿಸುವುದು

ಅಲೈನ್‌ಮೆಂಟ್ ಎಷ್ಟಿಡಲಿ? ಎಷ್ಟು ಲೋ ಮಾಡಲಿ?

ಮುಂದೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲುವ ಕೋನ) ಮೈನಸ್ 2ರಿಂದ ಮೈನಸ್ 2.5 ಡಿಗ್ರಿ, ಶಾಕ್ ಅಬ್ಸಾರ್ಬರ್ ಇರುವ ಸ್ಟ್ರಟ್ ಚಕ್ರದ ಹಬ್ಬಿಗೆ ಸೇರುವ ಮೇಲಿನ ಬೋಲ್ಟಿನಲ್ಲಿ ಒಂದಿಷ್ಟು ಸಿಗುತ್ತದೆ, ಉಳಿದದ್ದಕ್ಕೆ ಹೊಂದಿಸಬಹುದಾದ ಟಾಪ್ ಮೌಂಟ್. ಮುಂದಿನ ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸೊನ್ನೆ, ಅಥವಾ ಎರಡೂ ಚಕ್ರ ಸೇರಿ 2 ಮಿ.ಮೀ. ಹೊರಕ್ಕೆ. ಹಿಂದೆ ಆಕ್ಸಲ್ ಒಂದೇ ತುಂಡು, ಶಿಮ್ (ನಡುವೆ ಇಡುವ ತೆಳು ತಗಡು) ಇಲ್ಲದೆ ಏನೂ ಬದಲಾಗದು. ಅಳೆದು ಎರಡು ಬದಿ ಸಮ ಇದೆಯೇ ನೋಡಿ. ಇಲ್ಲದಿದ್ದರೆ ಆಕ್ಸಲ್ ಬಗ್ಗಿದೆ.

ಎತ್ತರಕ್ಕೆ ಮಿಲಿಮೀಟರ್ ಲೆಕ್ಕಕ್ಕಿಂತ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ನೋಡಿ. ಗಾಡಿ ನೆಲದ ಮೇಲೆ ನಿಂತಾಗ ಆರ್ಮ್ ಸಮತಲವಾಗಿರಬೇಕು ಅಥವಾ ಚಕ್ರದ ಕಡೆ ಸ್ವಲ್ಪ ಕೆಳಗಿರಬೇಕು. ಚಕ್ರದ ಕಡೆ ಮೇಲೆದ್ದರೆ ಮುಂಭಾಗದ ರೋಲ್ ಸೆಂಟರ್ (ಗಾಡಿ ವಾಲುವಾಗಿನ ಕೇಂದ್ರಬಿಂದು) ನೆಲದೊಳಗೆ ಹೋಗಿ ಗಾಡಿ ಮೊದಲಿಗಿಂತ ಹೆಚ್ಚು ವಾಲುತ್ತದೆ. ತಗ್ಗಿಸಿದ ಎಷ್ಟೋ ಗಾಡಿಗಳು ನೋಡಲು ಚಂದ, ಓಡಿಸಲು ನಿಧಾನ.

ಹಿಂದಿನ ಆಕ್ಸಲ್ ಬುಷ್‌ಗಳು ತಿರುವಿನಲ್ಲಿ ಚಕ್ರದ ಕೋನ ಸರಿಪಡಿಸುವಂತೆ ಓರೆಯಾಗಿ ಕೂತಿರುತ್ತವೆ. ಮುದಿಯಾದರೆ ಹಿಂಬದಿ ತಡವಾಗಿ ಅಲುಗುತ್ತದೆ, ಶಾಕ್ ಅಬ್ಸಾರ್ಬರ್ ಹೋಗಿದೆ ಎಂದೇ ಅನಿಸುತ್ತದೆ.

ತಿರುವಿನಲ್ಲಿ ಒಳಗಿನ ಹಿಂದಿನ ಚಕ್ರ ಮೇಲೇಳುತ್ತೆ. ಅಪಾಯನಾ?

ಇಲ್ಲ, ಈ ಗಾಡಿ ಕಾರ್ಖಾನೆಯಿಂದ ಬಂದಾಗಲೂ ಹಾಗೇ ಮಾಡುತ್ತಿತ್ತು. ಚಿಂತಿಸಬೇಕಾದ್ದು ಒಳಗಿನ ಮುಂದಿನ ಚಕ್ರ ಎಳೆತ ಬಿಟ್ಟು ಗಿರಗಿರ ತಿರುಗಿದಾಗ. ತಿರುವಿನ ನಡುವೆ ಆಕ್ಸಿಲರೇಟರನ್ನು ಥಟ್ಟನೆ ಬಿಡಬೇಡಿ. ತೂಕ ಮುಂದಕ್ಕೆ ಜಾರಿ ಹಿಂಭಾಗ ಹೊರಕ್ಕೆ ಓಡುತ್ತದೆ.

ಇನ್ನೂ ಪವರ್ ಬೇಕು ಅಂದ್ರೆ?

ಮೊದಲು ಇರುವ 112 ಪೂರ್ತಿ ಬರುತ್ತಿದೆಯೇ ನೋಡಿ. ಕಂಪ್ರೆಷನ್ ನಾಲ್ಕರಲ್ಲೂ ಸಮ ಇರಬೇಕು, ಆಕ್ಸಿಲರೇಟರ್ ಪೆಡಲ್ ಒತ್ತಿದಾಗ ಗಾಳಿ ಬಿಡುವ ಬಟರ್‌ಫ್ಲೈ ತಟ್ಟೆ ನಿಜಕ್ಕೂ ಪೂರ್ತಿ ತೆರೆಯಬೇಕು. ಎಳೆದು ಹೋದ ಕೇಬಲ್ಲಿನಿಂದ ಅದು ತೆರೆಯದ ಗಾಡಿಗಳು ಬಹಳ. ಫ್ಯೂಯಲ್ ರಿಟರ್ನಿನಲ್ಲಿ 30 ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರ್ ಬರಬೇಕು. ಇವೆಲ್ಲ ಸರಿ ಇದ್ದ ಮೇಲೆ ಹೆಡ್ ಕೆಲಸ, ಕ್ಯಾಮ್, ಒಳ್ಳೆಯ ಮ್ಯಾನಿಫೋಲ್ಡ್, ಈ ಕ್ರಮದಲ್ಲಿ. ಕ್ಯಾಮ್ ಎತ್ತರ ಹೆಚ್ಚಿಸಿದರೆ ಬೆಲ್ಟ್ ತುಂಡಾದಾಗ ವಾಲ್ವ್ ಉಳಿಯುತ್ತದೆ ಎಂಬ ಭರವಸೆ ಹೋಯಿತು.

ನಾಲ್ಕು ಪಾಯಿಂಟ್ ಬೆಲ್ಟ್ ಹಾಕಿ, ಹಿಂದಿನ ಸೀಟ್ ಕಿತ್ತು, ಅದೇ ಗಾಡಿಯಲ್ಲಿ ನ್ಯೂರ್ಬುರ್ಗ್‌ರಿಂಗಿಗೆ ಹೋಗಬಹುದಾ?

ಸಾರ್ವಜನಿಕರಿಗೆ ತೆರೆದ ದಿನಗಳಲ್ಲಿ ಅಲ್ಲಿನ ಹಳೆಯ ಟ್ರ್ಯಾಕ್, ಸುಮಾರು 20.8 ಕಿಲೋಮೀಟರಿನ ನೋರ್ಡ್‌ಶ್ಲೈಫ಼ೆಯಲ್ಲಿ ರಸ್ತೆ ನಿಯಮಗಳೇ ಅನ್ವಯ. ಗಾಡಿ ರಸ್ತೆಗೆ ಯೋಗ್ಯವಾಗಿರಬೇಕು, ಸದ್ದಿನ ಮಿತಿಯೊಳಗಿರಬೇಕು. ಜರ್ಮನಿಯಲ್ಲಿ ಸೀಟ್ ತೆಗೆಯುವುದು, ಸಸ್ಪೆನ್ಷನ್, ಚಕ್ರ, ಸ್ಟಿಯರಿಂಗ್ ಬದಲಿಸುವುದು ಎಲ್ಲವನ್ನೂ ಟ್ಯೂಫ್‌ನಂಥ ತಪಾಸಣಾ ಸಂಸ್ಥೆಯಲ್ಲಿ ತೋರಿಸಿ ದಾಖಲೆಗೆ ಸೇರಿಸಬೇಕು. ಭಾಗ ಕೊಳ್ಳುವ ಮೊದಲೇ ತಪಾಸಕರನ್ನು ಕೇಳಿ. 30 ವರ್ಷ ದಾಟಿದ್ದರಿಂದ ಐತಿಹಾಸಿಕ ಗಾಡಿಗಳಿಗೆ ಕೊಡುವ ಎಚ್ ಅಕ್ಷರದ ನಂಬರ್ ಪ್ಲೇಟಿಗೆ ಗಾಡಿ ಅರ್ಹ, ಆದರೆ ಆ ಕಾಲಕ್ಕೆ ಒಪ್ಪದ ಮಾರ್ಪಾಡುಗಳಿದ್ದರೆ ಅದು ಸಿಗದು. ವಿಮೆಯ ಷರತ್ತುಗಳನ್ನು ಸಾಲು ಸಾಲಾಗಿ ಓದಿ. ರೇಸ್ ಟ್ರ್ಯಾಕ್ ಹೊರಗಿಟ್ಟಿರುವ ಪಾಲಿಸಿಗಳು ಸಾಮಾನ್ಯ, ಅಲ್ಲಿ ಬೇಲಿ ಮುರಿದರೆ ಅದರ ಬಿಲ್ಲೂ ನಿಮಗೇ.

ಸೀಟ್ ಬೆಲ್ಟಿನ ಮಾತು: ಭುಜದ ಪಟ್ಟಿಗಳು ಹಿಂದಕ್ಕೆ ಬಹುತೇಕ ಸಮತಲವಾಗಿ ಹೋಗಬೇಕು. ನೆಲಕ್ಕೆ ಕಟ್ಟಿದರೆ ಡಿಕ್ಕಿಯಲ್ಲಿ ಬೆನ್ನೆಲುಬನ್ನೇ ಕೆಳಕ್ಕೆ ಒತ್ತುತ್ತವೆ. ಬಕೆಟ್ ಸೀಟ್ ಮತ್ತು ಒಳಗಿನ ರಕ್ಷಣಾ ಕೊಳವೆಗಳ ಕೇಜ್ ಇಲ್ಲದಿದ್ದರೆ ಕಾರ್ಖಾನೆಯ ಮೂರು ಪಾಯಿಂಟ್ ಬೆಲ್ಟೇ ಕ್ಷೇಮ.

ಟ್ರ್ಯಾಕ್ ದಿನ ಏನೇನು ನೋಡ್ತಾ ಇರಬೇಕು?

ಹೊರಡುವ ಮುನ್ನ ಟೈರಿನ ತಾರೀಖು ನೋಡಿ. ಡಾಟ್ ಅಕ್ಷರಗಳ ನಂತರದ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ. ಗೀಟು ಎಷ್ಟೇ ಉಳಿದಿದ್ದರೂ ಹತ್ತು ವರ್ಷದ ಟೈರ್ ಟ್ರ್ಯಾಕಿಗೆ ಬೇಡ. ಬಿಸಿಯಾದ ಮೇಲೆ ಗಾಳಿ 2.2ರಿಂದ 2.4 ಬಾರ್ ನಡುವೆ ಇರುವಂತೆ, ಹೊರಬಂದ ತಕ್ಷಣ ಅಳೆದು ಇಳಿಸಿ.

ಮೊದಲ ಸುತ್ತಾಟದ ನಂತರ, ಚಕ್ರ ತಣಿದ ಮೇಲೆ, ವೀಲ್ ಬೋಲ್ಟ್ 110 ನ್ಯೂಟನ್ ಮೀಟರಿಗೆ ಮತ್ತೆ ನೋಡಿ. ಡ್ರೈವ್ ಶಾಫ್ಟಿನ ಒಳಗಿನ ಎಂ8 ಬೋಲ್ಟುಗಳು ಸಡಿಲವಾಗುವ ಚಾಳಿಯವು, ಅವಕ್ಕೆ 45. ಪ್ರತಿ ಸಲ ಬಾನೆಟ್ ಎತ್ತಿ ಆಯಿಲ್, ಕೂಲಂಟ್, ಪೆಟ್ರೋಲ್ ವಾಸನೆ ನೋಡಿ. ಹೊರಬರುವ ಮುನ್ನ ಒಂದು ಪೂರ್ತಿ ಸುತ್ತು ಬ್ರೇಕ್ ಬಳಸದೆ ತಣಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಅಥವಾ ಮರದ ತುಂಡು ಕೊಡಿ. ಬಿಸಿ ಡಿಸ್ಕನ್ನು ಪ್ಯಾಡ್ ಹಿಡಿದುಕೊಂಡಿದ್ದರೆ ಆ ಜಾಗದ ಅಚ್ಚು ಡಿಸ್ಕಿನ ಮೇಲೆ ಉಳಿದು ಮುಂದಿನ ಸಲ ಪೆಡಲ್ ನಡುಗುತ್ತದೆ.